ದಾರಿ ಬಿಟ್ಟವನು ಸೋತವನಲ್ಲ

ನಲ್ಲಿಯ ಮುಂದೆ, ನ್ಯಾಯಬೆಲೆ ಅಂಗಡಿಯ ಬಾಗಿಲಲ್ಲಿ ಸರದಿ ತಪ್ಪಿಸಿ ನುಗ್ಗಿದವನನ್ನು ಹತ್ತು ಜನ ತಡೆದು ಕೇಳುತ್ತಾರೆ. ರಸ್ತೆಯಲ್ಲಿ ನುಗ್ಗಿದವನನ್ನು ಕೇಳುವವರಾರು? ಬಾಯಿ ತೆರೆಯುವಷ್ಟರಲ್ಲಿ ಅವನು ಒಂದು ಫರ್ಲಾಂಗು ಮುಂದಿರುತ್ತಾನೆ. ಹಿಂದುಳಿದವನ ಪಾಲಿಗೆ ಉಳಿಯುವುದು ಕೋಪವೊಂದೇ. ಆ ಕೋಪವನ್ನು ಏನು ಮಾಡಬೇಕೆಂಬುದು ಪ್ರಾಣಕ್ಕೆ ಸಂಬಂಧಿಸಿದ ಪ್ರಶ್ನೆ.

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿ ಇಲವಾಲ, ಬಿಳಿಕೆರೆಗಳನ್ನು ದಾಟಿ ಹುಣಸೂರನ್ನು ಸೇರುತ್ತದೆ. ಅಲ್ಲಿಂದ ಪಿರಿಯಾಪಟ್ಟಣದ ಸೀಮೆಯನ್ನು ಹಾದು ಬೈಲಕುಪ್ಪೆಯ ಕಡೆಗೆ ಸಾಗುತ್ತದೆ. ಹುಣಸೂರಿನಿಂದ ಕೃಷ್ಣರಾಜನಗರಕ್ಕೂ ಹೆಗ್ಗಡದೇವನಕೋಟೆಗೂ ದಾರಿಗಳು ಕವಲೊಡೆಯುತ್ತವೆ. ಕೊಡಗಿನ ತಂಪನ್ನು ಅರಸಿ ಓಡುವ ಪ್ರವಾಸಿಯ ಕಾರಿಗೂ, ಹೊಗೆಸೊಪ್ಪಿನ ಬೇಲುಗಳನ್ನು ಹರಾಜು ಮಾರುಕಟ್ಟೆಗೆ ಒಯ್ಯುವ ರೈತನ ಟ್ರಾಕ್ಟರಿಗೂ ಇರುವುದು ಅದೇ ರಸ್ತೆ. ಕೋಟೆಯಿಂದ ಮಾನಂದವಾಡಿಗೆ ಹೋಗುವ ಮಾರ್ಗವಂತೂ ಕಾಡಿನ ಭಾಗದಲ್ಲಿ ರಾತ್ರಿ ಮುಚ್ಚಿರುತ್ತದೆ. ಗೇಟು ಹಾಕುವ ಮೊದಲೇ ತಲುಪಬೇಕೆಂಬ ತವಕ ಸಂಜೆಯ ಚಾಲಕರನ್ನು ಅಟ್ಟುತ್ತದೆ. ಒಬ್ಬನ ವೇಗ ಗಂಟೆಗೆ 80 ಕಿಲೋಮೀಟರು, ಇನ್ನೊಬ್ಬನದು 20. ನುಗ್ಗಾಟದ ಮೂಲ ಇಲ್ಲಿದೆ.

ನುಗ್ಗುವವನು ಲೆಕ್ಕ ಹಾಕುವುದಿಲ್ಲ. ನಾವು ಹಾಕಿ ನೋಡೋಣ. 50ರ ವೇಗದ ಲಾರಿಯನ್ನು 80ರ ವೇಗದ ಕಾರು ಹಿಂದಿಕ್ಕಬೇಕಾಗಿದೆ. ಲಾರಿಯ ಉದ್ದ, ಹಿಂದೆ ಮುಂದೆ ಬಿಡಬೇಕಾದ ಅಂತರ ಎಲ್ಲ ಸೇರಿ ಕಾರು ಲಾರಿಗಿಂತ 60 ಮೀಟರಾದರೂ ಹೆಚ್ಚು ಓಡಬೇಕು. ಅದಕ್ಕೆ ಸುಮಾರು 7 ಸೆಕೆಂಡು ಬೇಕು. ಅಷ್ಟರಲ್ಲಿ ಕಾರು 160 ಮೀಟರು ಕ್ರಮಿಸುತ್ತದೆ. ಎದುರಿನಿಂದ ಅದೇ ವೇಗದಲ್ಲಿ ಬರುವ ವಾಹನವೂ ಅಷ್ಟೇ ದೂರ ಬಂದಿರುತ್ತದೆ. ಎಂದರೆ 320 ಮೀಟರು ಬರಿದಾದ ರಸ್ತೆ ಕಣ್ಣಿಗೆ ಕಾಣುತ್ತಿರಬೇಕು. ಕಾಣದೆ ನುಗ್ಗಿದವನು ಎದುರು ಬಸ್ಸು ಬಂದೊಡನೆ ಎಡಕ್ಕೆ ತೂರುತ್ತಾನೆ. ಆಗ ಮಣ್ಣಿನ ಅಂಚಿಗೆ ತಳ್ಳಲ್ಪಡುವವನು ಹೆಂಡತಿ ಮಗುವನ್ನು ಕೂರಿಸಿಕೊಂಡು ಹೊರಟ ಬೈಕಿನ ಬಡಪಾಯಿ.

ಇಷ್ಟು ಮಾಡಿ ಗಳಿಸುವುದೇನು? ಮೈಸೂರಿನಿಂದ ಹುಣಸೂರಿಗೆ ಸುಮಾರು 45 ಕಿಲೋಮೀಟರು. ಸರಾಸರಿ 60ರ ವೇಗವನ್ನು 70ಕ್ಕೆ ಏರಿಸಿದರೆ ಉಳಿಯುವುದು ಆರೂವರೆ ನಿಮಿಷ, ಒಂದು ಲೋಟ ಕಾಫಿ ಕುಡಿಯುವ ಹೊತ್ತು!

ಕಾನೂನು ಸುಮ್ಮನಿಲ್ಲ. 1988ರ ಮೋಟಾರು ವಾಹನ ಕಾಯಿದೆಯ 184ನೆಯ ವಿಧಿಗೆ 2019ರಲ್ಲಿ ತಿದ್ದುಪಡಿಯಾಗಿ, ನಿಯಮ ಮೀರಿ ಹಿಂದಿಕ್ಕುವುದೂ ಅಪಾಯಕರ ಚಾಲನೆಯ ಪಟ್ಟಿಗೆ ಸೇರಿತು. ಮೊದಲ ಸಲದ ತಪ್ಪಿಗೇ 1,000ದಿಂದ 5,000 ರೂಪಾಯಿವರೆಗೆ ದಂಡ, ಇಲ್ಲವೆ ಆರು ತಿಂಗಳಿಂದ ಒಂದು ವರ್ಷದವರೆಗೆ ಸೆರೆಮನೆ, ಇಲ್ಲವೆ ಎರಡೂ. ಆದರೆ ಹಲವರು ಮರೆಯುವ ಇನ್ನೊಂದು ನಿಯಮವುಂಟು: ಹಿಂದಿನವನು ಮುಂದೆ ಹೋಗುತ್ತಿರುವಾಗ ಮುಂದಿನವನು ತನ್ನ ವೇಗವನ್ನು ಹೆಚ್ಚಿಸಿ ಅವನನ್ನು ತಡೆಯುವಂತಿಲ್ಲ. ಛಲಕ್ಕೆ ಬಿದ್ದವನೂ ತಪ್ಪಿತಸ್ಥನೇ.

ಹಾಗಾದರೆ ಮಾಡಬೇಕಾದುದೇನು? ಕಾಲನ್ನು ಆಕ್ಸಿಲರೇಟರಿನಿಂದ ತೆಗೆಯುವುದು. ಹಿಂದೆ ಯಾರಿದ್ದಾರೆಂದು ಕನ್ನಡಿಯಲ್ಲಿ ನೋಡುವುದು. ಕಳೆದುಹೋದ ಅಂತರವನ್ನು ಮತ್ತೆ ಬಿಡುವುದು. 60ರ ವೇಗದಲ್ಲಿ ವಾಹನ ಸೆಕೆಂಡಿಗೆ ಸುಮಾರು 17 ಮೀಟರು ಓಡುತ್ತದೆ. ಮುಂದಿನವನು ಒಂದು ಮರವನ್ನು ದಾಟಿದ ಮೇಲೆ ಎರಡು ಸೆಕೆಂಡು ಕಳೆದು ನಾವು ಅದನ್ನು ದಾಟುವಂತಿದ್ದರೆ ಬ್ರೇಕು ಒತ್ತಲು ಎಡೆಯಿದೆಯೆನ್ನಬಹುದು. ಮಳೆಯಲ್ಲಿ ಇನ್ನೂ ಹೆಚ್ಚು ಬೇಕು. ಹಾರನ್ನು ಒತ್ತುತ್ತ ಬೆನ್ನಟ್ಟಿದರೆ ಒಬ್ಬನ ತಪ್ಪು ಇಬ್ಬರದಾಗುತ್ತದೆ. ಅವನ ಚಾಲನೆ ನಿಜಕ್ಕೂ ಅಪಾಯಕರವಾಗಿದ್ದರೆ ಪಕ್ಕದಲ್ಲಿ ಕುಳಿತವರು ಸಂಖ್ಯೆಯನ್ನು ಗುರುತಿಟ್ಟುಕೊಂಡು 112ಕ್ಕೆ ತಿಳಿಸಲಿ.

‘ಹೀಗೆ ಬಿಡುತ್ತ ಹೋದರೆ ನುಗ್ಗುವವರೇ ಗೆಲ್ಲುವುದಿಲ್ಲವೆ?’ ಎಂದು ಕೇಳಬಹುದು. ಹತ್ತು ಜನಕ್ಕೆ ದಾರಿ ಬಿಟ್ಟರೂ ನಷ್ಟವಾಗುವುದು ಅರ್ಧ ನಿಮಿಷಕ್ಕಿಂತ ಹೆಚ್ಚಲ್ಲ. ಬಿಡದಿದ್ದರೆ ಏನಾಗುವುದೆಂಬುದನ್ನು ರೈಲ್ವೆ ಗೇಟಿನ ಬಳಿ ನೋಡಬೇಕು. ಗೇಟು ಮುಚ್ಚಿದೊಡನೆ ಎರಡೂ ಕಡೆಯವರು ಸಾಲು ತಪ್ಪಿಸಿ ರಸ್ತೆಯ ತುಂಬ ನಿಲ್ಲುತ್ತಾರೆ. ರೈಲು ಹೋಗುತ್ತದೆ, ಗೇಟು ಏಳುತ್ತದೆ. ಎದುರುಬದುರಾಗಿ ನಿಂತವರು ಮಾತ್ರ ಕದಲಲಾರರು. ಕೊನೆಗೆ ಯಾರೋ ಒಬ್ಬ ಪುಣ್ಯಾತ್ಮ ವಾಹನವನ್ನು ಹಿಂದಕ್ಕೆ ತೆಗೆಯುತ್ತಾನೆ. ಆಮೇಲೆಯೇ ಎಲ್ಲರಿಗೂ ದಾರಿ.

ಹಿಂದಿನ ಸೀಟಿನಲ್ಲಿ ಕುಳಿತ ಮಕ್ಕಳು ಇದನ್ನೆಲ್ಲ ನೋಡುತ್ತಿರುತ್ತಾರೆ. ಹದಿನೆಂಟು ತುಂಬಿ ಲೈಸೆನ್ಸು ಕೈಗೆ ಬರುವ ಎಷ್ಟೋ ವರ್ಷ ಮೊದಲೇ, ನುಗ್ಗಿದವನಿಗೆ ಅಪ್ಪ ಏನು ಮಾಡಿದನೆಂಬುದನ್ನು ಅವರು ಕಲಿತು ಮುಗಿಸಿರುತ್ತಾರೆ.