ಸಿ ಡೇಟಾ, ಪೈಥಾನ್ ಕೈಗೆ: ಲೆಕ್ಕ ಇಡೋರು ಯಾರು?

ನೀವು ಬಳಸೋ ಪೈಥಾನ್‌ನ ಒಳಗಿರೋದು ಬಹುಪಾಲು ಸಿ ಭಾಷೆಯ ಕೋಡ್. ಅದಕ್ಕೇ ಸಿಯಲ್ಲಿ ಬರೆದ ಡೇಟಾವನ್ನ ಪೈಥಾನ್‌ಗೆ ಕೊಡೋಕೆ ಆಗುತ್ತೆ. ಹೇಗೆ ಅಂತ ನೋಡೋಣ.

ಗ್ರಾಫ್ ಮೇಲಿನ ಒಂದು ಬಿಂದು ತಗೊಳ್ಳಿ. ಎಕ್ಸ್, ವೈ ಎರಡೂ ಡಬಲ್. ಸಿಯಲ್ಲಿ ಇದಕ್ಕೆ 16 ಬೈಟ್ ಸಾಕು. ಪೈಥಾನ್ ಇದನ್ನ ಗುರುತಿಸಬೇಕಾದ್ರೆ ಮುಂದೆ ಒಂದು ಹೆಡರ್ ಸೇರಿಸಬೇಕು. 64-ಬಿಟ್ ಕಂಪ್ಯೂಟರ್‌ನಲ್ಲಿ ಸಾಮಾನ್ಯವಾಗಿ ಇನ್ನೂ 16 ಬೈಟ್. ಅದರಲ್ಲಿರೋದು ಎರಡು ಮಾಹಿತಿ: ಇದು ಯಾವ ಟೈಪ್, ಮತ್ತು ಇದನ್ನ ಎಷ್ಟು ಕಡೆ ಹಿಡಿದಿಟ್ಟುಕೊಂಡಿದ್ದಾರೆ. ಈ ಎರಡನೆಯದೇ ರೆಫರೆನ್ಸ್ ಕೌಂಟ್. ಅದು ಸೊನ್ನೆಯಾದ್ರೆ ಪೈಥಾನ್ ಆ ಜಾಗವನ್ನ ಖಾಲಿ ಮಾಡುತ್ತೆ.

ಪೈಥಾನ್ ಕೋಡ್‌ನಲ್ಲಿ ಈ ಲೆಕ್ಕ ತಾನಾಗೇ ನಡೆಯುತ್ತೆ. ಸಿ ಎಕ್ಸ್‌ಟೆನ್ಶನ್‌ನಲ್ಲಿ ಮಾತ್ರ ನೀವೇ ಇಡಬೇಕು. ಇಳಿಸೋದು ಮರೆತ್ರೆ ಮೆಮೊರಿ ತುಂಬ್ತಾ ಹೋಗುತ್ತೆ. ಏರಿಸೋದು ಮರೆತ್ರೆ ಇನ್ನೂ ಕಷ್ಟ: ಬಳಕೆಯಲ್ಲಿರೋ ಡೇಟಾನೇ ಮಾಯ. ಆಗ ಎರರ್ ಮೆಸೇಜ್ ಕೂಡ ಬರದೆ ಇಡೀ ಪ್ರೋಗ್ರಾಂ ನಿಂತುಹೋಗಬಹುದು, ಅದೂ ತಪ್ಪಾದ ಜಾಗದಲ್ಲಲ್ಲ, ಬೇರೆಲ್ಲೋ.

ಗೊಂದಲ ಎಲ್ಲಿ ಅಂದ್ರೆ, ಕೆಲವು ಫಂಕ್ಷನ್‌ಗಳು ಡೇಟಾವನ್ನ ನಿಮ್ಮ ಹೆಸರಿಗೇ ಬರೆದುಕೊಡ್ತವೆ. ಕೆಲವು ಬರೀ ಕೈಗಡ ಕೊಡ್ತವೆ. ಲಿಸ್ಟ್‌ನಿಂದ ಒಂದು ಐಟಂ ತೆಗೆಯೋ ಹಳೆಯ ಫಂಕ್ಷನ್ ಕೊಡೋದು ಕೈಗಡ. ಆ ಲಿಸ್ಟ್ ಬದಲಾದ್ರೆ ನಿಮ್ಮ ಕೈಲಿರೋದೂ ಹೋಗಬಹುದು. ಅದಕ್ಕೇ 2024ರಲ್ಲಿ ಬಂದ ಪೈಥಾನ್ 3.13ರಲ್ಲಿ, ಹೆಸರಿಗೇ ಬರೆದುಕೊಡೋ ಹೊಸ ಫಂಕ್ಷನ್ ಸೇರಿಸಿದ್ದಾರೆ.

ಹಾಗಾಗಿ ಯಾವುದೇ ಫಂಕ್ಷನ್ ಬಳಸೋ ಮುಂಚೆ ಡಾಕ್ಯುಮೆಂಟೇಶನ್‌ನಲ್ಲಿ ಇದೊಂದನ್ನ ನೋಡಿ: ಕೊಟ್ಟಿದ್ದು ಸ್ವಂತಕ್ಕಾ, ಕೈಗಡಾನಾ?