ನಿಮಗಿದು ಗೊತ್ತೆ? ಅತಿ ಕಿರಿಯರೂ ಅವರೇ, ಅತಿ ಹಿರಿಯರೂ ಅವರೇ!

ಒಲಿಂಪಿಕ್ಸ್ ಮಹಿಳಾ ಹೈಜಂಪ್‌ನಲ್ಲಿ ಚಿನ್ನ ಗೆದ್ದ ಅತಿ ಕಿರಿಯರು ಯಾರು? ಅತಿ ಹಿರಿಯರು ಯಾರು? 1984ರಲ್ಲಿ ಎರಡಕ್ಕೂ ಉತ್ತರ ಒಂದೇ: ಪಶ್ಚಿಮ ಜರ್ಮನಿಯ ಉಲ್ರಿಕೆ ಮೈಫಾರ್ಟ್!

1972ರಲ್ಲಿ ತವರಿನ ಮ್ಯೂನಿಕ್‌ನಲ್ಲಿ ಗೆದ್ದಾಗ ಆಕೆ 16ರ ಶಾಲಾ ಬಾಲಕಿ. ಅಡ್ಡಪಟ್ಟಿಗೆ ಬೆನ್ನು ಕೊಟ್ಟು ಹಾರುವ ‘ಫಾಸ್ಬರಿ ಫ್ಲಾಪ್’ ಶೈಲಿಯಲ್ಲಿ 1.92 ಮೀಟರ್ ದಾಟಿ ವಿಶ್ವದಾಖಲೆಯನ್ನೇ ಸರಿಗಟ್ಟಿದರು. 1976ರಲ್ಲಿ ಮಾಂಟ್ರಿಯಲ್‌ನಲ್ಲಿ ಫೈನಲ್‌ಗೂ ಬರಲಿಲ್ಲ. 1980ರ ಮಾಸ್ಕೋ ಕೂಟವನ್ನು ಅವರ ದೇಶವೇ ಬಹಿಷ್ಕರಿಸಿತು. ಇನ್ನೇನು ಮುಗಿಯಿತು ಎನ್ನುವಾಗ 1984ರ ಲಾಸ್ ಏಂಜಲೀಸ್‌ನಲ್ಲಿ 2.02 ಮೀಟರ್ ಹಾರಿ ಮತ್ತೆ ಚಿನ್ನ! ಆಗ ವಯಸ್ಸು 28.

‘ಹಿರಿಯ’ ಪಟ್ಟ 1988ರಲ್ಲಿ ಅಮೆರಿಕದ ಲೂಯಿಸ್ ರಿಟ್ಟರ್ ಪಾಲಾಯಿತು. ‘ಕಿರಿಯ’ ಪಟ್ಟ ಮಾತ್ರ ಇಂದಿಗೂ ಮೈಫಾರ್ಟ್ ಹೆಸರಲ್ಲೇ ಇದೆ.