ಕೈಲಾಸಕ್ಕೆ ಎಷ್ಟು ಬೇಕು? ರುದ್ರಪಟ್ಟಣದಿಂದ ಒಂದು ಲೆಕ್ಕ

ಶಿವನ ಹೆಸರನ್ನೇ ಹೊತ್ತ ಊರು ರುದ್ರಪಟ್ಟಣ. ಅರಕಲಗೂಡು ತಾಲ್ಲೂಕಿನ ಈ ಕಾವೇರಿ ದಂಡೆಯಲ್ಲಿ, ಪಕ್ಕದ ರಾಮನಾಥಪುರ, ಬಸವಾಪಟ್ಟಣಗಳಲ್ಲಿ ಕಾಶಿ, ರಾಮೇಶ್ವರ ಮುಗಿಸಿದ ಹಿರಿಯರ ಮಾತು ಒಂದಲ್ಲ ಒಂದು ದಿನ ಕೈಲಾಸದ ಕಡೆ ಹೊರಳುತ್ತದೆ. ಮಕ್ಕಳ ಮದುವೆ ಆಯಿತು, ಸಾಲ ತೀರಿತು, ಇನ್ನೊಂದು ಆಸೆ ಉಳಿದಿದೆ ಎನ್ನುತ್ತಾರೆ. ಹಿಂದೆಯೇ ‘ಎಷ್ಟಾಗುತ್ತದೋ’ ಎಂಬ ಮಾತು ಬಂದು, ‘ಲಕ್ಷಗಟ್ಟಲೆಯಂತೆ’ ಎಂಬ ಉತ್ತರದೊಂದಿಗೆ ವಿಷಯ ಅಲ್ಲಿಗೇ ನಿಲ್ಲುತ್ತದೆ.

ಆ ‘ಲಕ್ಷಗಟ್ಟಲೆ’ಯನ್ನು ಬಿಡಿಸಿ ನೋಡುವುದು ಈ ವರದಿಯ ಕೆಲಸ. ಲೆಕ್ಕ ಮೂರು: ರೂಪಾಯಿಯದು, ಉಸಿರಿನದು, ವಯಸ್ಸಿನದು. ನಾವೆಲ್ಲ ಮೊದಲನೆಯದಕ್ಕೆ ಹೆದರುತ್ತೇವೆ. ನಿಜವಾಗಿ ಕೈತಪ್ಪಿಸುವುದು ಮೂರನೆಯದು.

ರೂಪಾಯಿಯ ಲೆಕ್ಕ

ಕೈಲಾಸ ಮಾನಸ ಸರೋವರ ಯಾತ್ರೆಯನ್ನು ಕೇಂದ್ರದ ವಿದೇಶಾಂಗ ಸಚಿವಾಲಯ 1981ರಿಂದ ನಡೆಸುತ್ತಿದೆ. ದಾರಿ ಎರಡು. ಉತ್ತರಾಖಂಡದ ಲಿಪುಲೇಖ್ ಕಣಿವೆಯದು ಹಳೆಯದು. ಸಿಕ್ಕಿಂನ ನಾಥು ಲಾ ದಾರಿ 2015ರಲ್ಲಿ ತೆರೆಯಿತು. 2025ರ ಯಾತ್ರೆಗೆ ಸಚಿವಾಲಯ ಕೊಟ್ಟ ಅಂದಾಜು ವೆಚ್ಚ, ಒಬ್ಬರಿಗೆ, ಹೀಗಿತ್ತು:

ಲಿಪುಲೇಖ್: ಸುಮಾರು 22 ದಿನ, ₹1,74,000. ದಿನಕ್ಕೆ ₹7,909.
ನಾಥು ಲಾ: ಸುಮಾರು 21 ದಿನ, ₹2,83,000. ದಿನಕ್ಕೆ ₹13,476.

ಊಟ, ವಸತಿ, ವಾಹನ, ದೆಹಲಿಯ ವೈದ್ಯಕೀಯ ಪರೀಕ್ಷೆ, ಚೀನಾದ ವೀಸಾ, ಟಿಬೆಟ್ ಕಡೆಯಲ್ಲಿ ಡಾಲರ್ ಲೆಕ್ಕದಲ್ಲಿ ಕೊಡಬೇಕಾದ ಹಣ ಇದರ ಮುಖ್ಯ ಬಾಬತ್ತುಗಳು. ಊರಿನಿಂದ ದೆಹಲಿಗೆ ಹೋಗಿ ಬರುವುದು, ಬೆಚ್ಚನೆಯ ಬಟ್ಟೆ, ಬೂಟು, ಔಷಧಿ, ಹೊರಡುವ ಮುಂಚಿನ ತಪಾಸಣೆ ನಮ್ಮ ಕೈಯಿಂದ. ಇವಕ್ಕೆ ₹40,000 ಬೇರೆ ತೆಗೆದಿಡುವುದು ಕ್ಷೇಮ. ಹಾಗಾಗಿ ಕಡಿಮೆ ಖರ್ಚಿನ ದಾರಿಗೂ ಒಬ್ಬರಿಗೆ ₹2,14,000 ಬೇಕೆಂದು ಇಟ್ಟುಕೊಳ್ಳೋಣ.

ಕರ್ನಾಟಕದ ಮುಜರಾಯಿ ಇಲಾಖೆ ಯಾತ್ರೆ ಮುಗಿಸಿ ಬಂದ ರಾಜ್ಯದವರಿಗೆ ₹30,000 ಸಹಾಯಧನ ಕೊಡುತ್ತದೆ. ಲಿಪುಲೇಖ್ ದಾರಿಯ ವೆಚ್ಚದಲ್ಲಿ ಇದು ನೂರಕ್ಕೆ 17, ನಾಥು ಲಾ ದಾರಿಯಲ್ಲಿ ನೂರಕ್ಕೆ 10.6. ದೊಡ್ಡ ನೆರವೇ, ಆದರೆ ಕೈಗೆ ಬರುವುದು ಹಿಂತಿರುಗಿದ ಮೇಲೆ. ಹೊರಡುವಾಗ ಪೂರ್ತಿ ಹಣ ನಮ್ಮಲ್ಲೇ ಇರಬೇಕು.

ಈ ಮೊತ್ತವನ್ನು ನಮ್ಮ ಕಡೆಯ ಅಳತೆಗೋಲಿನಲ್ಲಿ ನೋಡಿದರೆ ಅದರ ಭಾರ ತಿಳಿಯುತ್ತದೆ. 2025–26ರ ಬೆಂಬಲ ಬೆಲೆ ಸಾಮಾನ್ಯ ಭತ್ತಕ್ಕೆ ಕ್ವಿಂಟಲಿಗೆ ₹2,369, ರಾಗಿಗೆ ₹4,886. ಲಿಪುಲೇಖ್ ದಾರಿಯ ₹1,74,000 ಎಂದರೆ 73 ಕ್ವಿಂಟಲ್ ಭತ್ತ, ಇಲ್ಲವೇ 36 ಕ್ವಿಂಟಲ್ ರಾಗಿ. ಬಿತ್ತನೆ, ಗೊಬ್ಬರ, ಕೂಲಿ ಯಾವುದನ್ನೂ ಕಳೆಯದ ಲೆಕ್ಕವಿದು. ಗೃಹಲಕ್ಷ್ಮಿಯ ತಿಂಗಳ ₹2,000ವನ್ನು ಮುಟ್ಟದೆ ಕೂಡಿಟ್ಟರೆ 87 ತಿಂಗಳು, ಅಂದರೆ 7 ವರ್ಷ 3 ತಿಂಗಳು. ಸಂಧ್ಯಾ ಸುರಕ್ಷಾ ಪಿಂಚಣಿಯ ₹1,200ವನ್ನು ಕೂಡಿಟ್ಟರೆ 145 ತಿಂಗಳು, ಅಂದರೆ 12 ವರ್ಷ 1 ತಿಂಗಳು. ಆ ಪಿಂಚಣಿ ಶುರುವಾಗುವುದೇ 65ಕ್ಕೆ. ಹಣ ಕೂಡುವ ಹೊತ್ತಿಗೆ ವಯಸ್ಸು 77.

ಹಾಗಾದರೆ ಮಧ್ಯಮ ವರ್ಗದ ರೈತನಿಗೆ, ನಿವೃತ್ತ ಮೇಷ್ಟ್ರಿಗೆ ಇದು ಆಗದ ಮಾತೇ? ಅಲ್ಲ. 50ನೇ ವಯಸ್ಸಿನಿಂದ ತಿಂಗಳಿಗೆ ₹1,783 ತೆಗೆದಿಟ್ಟರೆ 60 ತುಂಬುವಾಗ ಬಡ್ಡಿಯನ್ನು ಎಣಿಸದೆಯೇ ₹2,14,000 ಕೂಡಿರುತ್ತದೆ. 55ಕ್ಕೆ ಶುರು ಮಾಡಿದರೆ ತಿಂಗಳಿಗೆ ₹3,567. ನಮ್ಮಲ್ಲಿ ಚೀಟಿ ಹಾಕಿ ಒಡವೆ ಮಾಡಿಸಿದವರು, ಮನೆ ಕಟ್ಟಿಸಿದವರು ಎಷ್ಟೋ ಜನ. ಅದೇ ಶಿಸ್ತು ಇಲ್ಲಿಗೂ ಸಾಕು.

ದೆಹಲಿಯವರೆಗಿನ ದಾರಿಖರ್ಚು ಇದರಲ್ಲಿ ಸಣ್ಣ ಪಾಲು. ಬೆಂಗಳೂರಿನ ತನಕ ಸರ್ಕಾರಿ ಬಸ್ಸಿನಲ್ಲಿ ಹೋದರೆ 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ಹೆಂಗಸರಿಗೆ ಟಿಕೆಟ್ ಇಲ್ಲ. 60 ದಾಟಿದ ಗಂಡಸರಿಗೆ ನೂರಕ್ಕೆ 25 ರಿಯಾಯಿತಿ. ಅಲ್ಲಿಂದ ದೆಹಲಿಗೆ ರೈಲಿನಲ್ಲಿ ಸುಮಾರು 2,400 ಕಿ.ಮೀ. ಹಿರಿಯರಿಗೆ ರೈಲಿನಲ್ಲಿದ್ದ ರಿಯಾಯಿತಿ, ಗಂಡಸರಿಗೆ ನೂರಕ್ಕೆ 40, ಹೆಂಗಸರಿಗೆ ನೂರಕ್ಕೆ 50, 2020ರ ಮಾರ್ಚ್‌ನಲ್ಲಿ ನಿಂತಿತು. 2025ರ ಯಾತ್ರೆಯ ವೇಳೆಗೂ ಅದು ಮರಳಿರಲಿಲ್ಲ. ಮರಳಬೇಕು. ಬದುಕಿಡೀ ದುಡಿದವರು ಕೊನೆಗೊಮ್ಮೆ ದೂರದ ರೈಲು ಹತ್ತುವಾಗ ಆ ಅರ್ಧ ಟಿಕೆಟ್ಟಿನ ಬೆಲೆ ದೊಡ್ಡದು.

ಉಸಿರಿನ ಲೆಕ್ಕ

ರುದ್ರಪಟ್ಟಣ ಸಂಗೀತದ ಊರು. ಉಸಿರಿನ ಬೆಲೆ ಇಲ್ಲಿಯವರಿಗೆ ಬೇರೆಯವರು ಹೇಳಿಕೊಡಬೇಕಿಲ್ಲ. ಆ ಉಸಿರಿಗೆ ಟಿಬೆಟ್ ಪ್ರಸ್ಥಭೂಮಿಯಲ್ಲಿ ಏನಾಗುತ್ತದೆ ಎಂಬುದು ಎತ್ತರದ ಅಂಕಿಗಳಲ್ಲಿದೆ. ಸಮುದ್ರ ಮಟ್ಟದಲ್ಲಿ ಗಾಳಿಯ ಒತ್ತಡ 100 ಎಂದಿಟ್ಟುಕೊಂಡರೆ:

ರುದ್ರಪಟ್ಟಣ, ಸುಮಾರು 800 ಮೀಟರ್: 91.
ಲಡಾಖಿನ ಲೇಹ್, ಸುಮಾರು 3,500 ಮೀಟರ್: 65.
ಮಾನಸ ಸರೋವರ, ಸುಮಾರು 4,590 ಮೀಟರ್: 56.
ಕೈಲಾಸ ಪರಿಕ್ರಮದ ದಾರಿಯ ಡೋಲ್ಮಾ ಲಾ ಕಣಿವೆ, ಸುಮಾರು 5,630 ಮೀಟರ್: 49.

ಊರಿನಲ್ಲಿ ಒಂದು ಉಸಿರಿಗೆ ಸಿಗುವ ಆಮ್ಲಜನಕಕ್ಕೆ ಡೋಲ್ಮಾ ಲಾದಲ್ಲಿ ಹತ್ತಿರ ಹತ್ತಿರ ಎರಡು ಉಸಿರು ಬೇಕು. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಸರೋವರದ ನೀರು ಅದರ ಎರಡು ಪಟ್ಟಿಗಿಂತ ಮೇಲಿದೆ. ಅಲ್ಲಿ ನೀರು ಸುಮಾರು 85 ಡಿಗ್ರಿಗೇ ಕುದಿಯುವುದರಿಂದ ಬರಿಯ ಪಾತ್ರೆಯಲ್ಲಿಟ್ಟ ಅನ್ನ ಬೇಯುವುದಿಲ್ಲ, ಕುಕ್ಕರೇ ಬೇಕು. ಸರೋವರದ ವಿಸ್ತಾರ ಸುಮಾರು 410 ಚದರ ಕಿ.ಮೀ. ರುದ್ರಪಟ್ಟಣ ದಾಟಿದ ಕಾವೇರಿ ಹೋಗಿ ತುಂಬುವ ಕನ್ನಂಬಾಡಿಯ ಹಿನ್ನೀರು ಸುಮಾರು 130 ಚದರ ಕಿ.ಮೀ. ಅಂಥ ಮೂರು ಕನ್ನಂಬಾಡಿಗಳನ್ನು ಹಿಮದ ಬೆಟ್ಟಗಳ ನಡುವೆ ಇಟ್ಟಂತೆ.

ಕೈಲಾಸದ ಪರಿಕ್ರಮ ಸುಮಾರು 52 ಕಿ.ಮೀ., ಮೂರು ದಿನ. ರುದ್ರಪಟ್ಟಣದಿಂದ ಹಾಸನಕ್ಕೆ ಹೆಚ್ಚುಕಡಿಮೆ ಇಷ್ಟೇ ದೂರ. ಎರಡನೆಯ ದಿನ ಕಠಿಣ: ಸುಮಾರು 5,000 ಮೀಟರಿನ ದಿರಾಪುಕ್‌ನಿಂದ ಡೋಲ್ಮಾ ಲಾಗೆ 600 ಮೀಟರಿನಷ್ಟು ಏರಬೇಕು. ನಮ್ಮ ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ವಿಂಧ್ಯಗಿರಿ ಬುಡದಿಂದ 143 ಮೀಟರ್ ಎತ್ತರ, ಆರುನೂರಕ್ಕೂ ಹೆಚ್ಚು ಮೆಟ್ಟಿಲು. ಒಂದೇ ದಿನ ಅದನ್ನು ನಾಲ್ಕು ಸಲ, ಅರ್ಧ ಗಾಳಿಯಲ್ಲಿ ಹತ್ತುವುದು ಎಂದುಕೊಳ್ಳಿ. ತಾಲೀಮಿಗೂ ಅದೇ ಬೆಟ್ಟ ಅನುಕೂಲ. ಆರು ತಿಂಗಳು ಮುಂಚೆ ದಿನಕ್ಕೆ ಐದು ಕಿ.ಮೀ. ನದಿ ದಂಡೆಯ ನಡಿಗೆ, ವಾರಕ್ಕೊಮ್ಮೆ ಮೆಟ್ಟಿಲು. ಇದಕ್ಕೆ ಆಗುವ ಖರ್ಚು ಬಸ್ಸಿನದು ಮಾತ್ರ.

ತೂಕಕ್ಕೂ ಮಿತಿಯಿದೆ. ದೇಹದ ತೂಕವನ್ನು ಎತ್ತರಕ್ಕೆ ಹೋಲಿಸುವ ಬಿಎಂಐ 25 ಮೀರಬಾರದು. ಐದಡಿ ಆರಂಗುಲ, ಅಂದರೆ 168 ಸೆಂ.ಮೀ. ಇರುವವರು 70 ಕೆ.ಜಿ. ಒಳಗಿರಬೇಕು, 157 ಸೆಂ.ಮೀ. ಇರುವವರು 61 ಕೆ.ಜಿ. ಒಳಗೆ. ದೆಹಲಿಯಲ್ಲಿ ಒಮ್ಮೆ, ಲಿಪುಲೇಖ್ ದಾರಿಯ ಗುಂಜಿಯಲ್ಲಿ ಮತ್ತೊಮ್ಮೆ ತಪಾಸಣೆ ಆಗುತ್ತದೆ. ಅಷ್ಟು ದೂರ ಹೋಗಿ ಹಿಂತಿರುಗುವ ಸಂಕಟ ಬೇಡವೆಂದರೆ ಎದೆ, ರಕ್ತದೊತ್ತಡ, ಸಕ್ಕರೆಯ ಪರೀಕ್ಷೆ ಹಾಸನದಲ್ಲೇ ಮೊದಲು ಆಗಲಿ. ಎತ್ತರಕ್ಕೆ ಹೊಂದಿಕೊಳ್ಳಲು ವೈದ್ಯರು ಹೇಳುವ ಸೂತ್ರ ಸರಳ: 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗ ದಿನಕ್ಕೆ 500 ಮೀಟರಿಗಿಂತ ಹೆಚ್ಚು ಏರಬಾರದು; ಮೂರು–ನಾಲ್ಕು ದಿನಕ್ಕೊಮ್ಮೆ ಒಂದು ದಿನ ವಿಶ್ರಾಂತಿ ಬೇಕು.

ವಯಸ್ಸಾಯಿತು, ದಮ್ಮು ಎಲ್ಲಿದೆ ಎನ್ನುವವರಿಗೆ ಈ ಊರೇ ಉತ್ತರ ಕೊಡುತ್ತದೆ. 1920ರಲ್ಲಿ ರುದ್ರಪಟ್ಟಣದಲ್ಲಿ ಹುಟ್ಟಿದ ಆರ್.ಕೆ. ಶ್ರೀಕಂಠನ್ ತೊಂಬತ್ತು ದಾಟಿದ ಮೇಲೂ ಕಛೇರಿ ಮಾಡಿದರು. ದಿನವೂ ಸಾಧನೆ ಇದ್ದರೆ ಉಸಿರು ವಯಸ್ಸಿನ ಮಾತು ಕೇಳುವುದಿಲ್ಲ. ಆದರೆ ಅರ್ಜಿಯ ನಿಯಮ ಕೇಳುತ್ತದೆ.

ವಯಸ್ಸಿನ ಲೆಕ್ಕ

ನಿಯಮದ ಪ್ರಕಾರ ಯಾತ್ರೆಯ ವರ್ಷದ ಜನವರಿ 1ಕ್ಕೆ ಅರ್ಜಿದಾರರ ವಯಸ್ಸು 70 ಮೀರಿರಬಾರದು. 2020ರಿಂದ 2024ರವರೆಗೆ, ಕೊರೋನಾದಿಂದ ಮೊದಲಾಗಿ, ಐದು ವರ್ಷ ಸರ್ಕಾರಿ ಯಾತ್ರೆ ನಡೆಯಲೇ ಇಲ್ಲ. 1949ರಿಂದ 1953ರ ಒಳಗೆ ಹುಟ್ಟಿದವರಿಗೆ 2020ರ ಆರಂಭದಲ್ಲಿ ಅರ್ಹತೆ ಇತ್ತು. 2025ರಲ್ಲಿ ದಾರಿ ತೆರೆದಾಗ ಇರಲಿಲ್ಲ. ಐದು ವರ್ಷದ ಹುಟ್ಟುಗಳೇ ಪಟ್ಟಿಯಿಂದ ಹೊರಗೆ ಉಳಿದವು. ಹಣ ಹೊಂದಿಸಿಟ್ಟವರೂ ಅವರಲ್ಲಿ ಇದ್ದರು.

2025ರಲ್ಲಿ ಜಾಗ 750: ಲಿಪುಲೇಖ್‌ನಲ್ಲಿ 50 ಜನರ 5 ತಂಡ, ನಾಥು ಲಾದಲ್ಲಿ 50 ಜನರ 10 ತಂಡ. ಅರ್ಜಿ 5,561. ಹೆಚ್ಚುಕಡಿಮೆ ಏಳೂವರೆ ಅರ್ಜಿಗೆ ಒಂದು ಜಾಗ. ಮೇ 21ರಂದು ಕಂಪ್ಯೂಟರ್ ಆಯ್ಕೆ; ಜೂನ್ 20ರಂದು ಮೊದಲ ತಂಡ ನಾಥು ಲಾ ದಾಟಿತು. ನಡುವೆ 30 ದಿನ. ಹೆಸರು ಬಂದ ಮೇಲೆ ಹಣ ಹುಡುಕುತ್ತೇನೆ ಎನ್ನುವವರಿಗೆ ಅದು ಸಾಲದು.

ಪ್ರತಿವರ್ಷ ಇದೇ ಪ್ರಮಾಣ ಮುಂದುವರಿದರೆ, ಮೊದಲ ಅರ್ಜಿ ಯಾವ ವಯಸ್ಸಿಗೆ ಹಾಕಿದರೆ ಎಷ್ಟು ಅವಕಾಶ? ನಾನು ಲೆಕ್ಕ ಹಾಕಿದ್ದು ಹೀಗೆ:

60ಕ್ಕೆ ಹಾಕಿದರೆ: 11 ಅರ್ಜಿ, ಒಮ್ಮೆಯಾದರೂ ಆಯ್ಕೆಯಾಗುವ ಸಾಧ್ಯತೆ ನೂರಕ್ಕೆ 80.
63ಕ್ಕೆ: 8 ಅರ್ಜಿ, ನೂರಕ್ಕೆ 69.
67ಕ್ಕೆ: 4 ಅರ್ಜಿ, ನೂರಕ್ಕೆ 44.
70ಕ್ಕೆ: 1 ಅರ್ಜಿ, ನೂರಕ್ಕೆ 13.

ಈ ನಾಲ್ಕು ಸಾಲು ಈ ವರದಿಯ ಹುರುಳು. ಹಣ ಕಡಿಮೆ ಬಿದ್ದರೆ ಮಗ ಕೊಟ್ಟಾನು, ಮಗಳು ಕೊಟ್ಟಾಳು. ಹಾಕದೆ ಬಿಟ್ಟ ಅರ್ಜಿಯ ವರ್ಷವನ್ನು ಯಾರೂ ಕೊಡಲಾರರು.

ಇನ್ನೊಂದು ಅಂಕಿ ನೋಯಿಸುತ್ತದೆ. 5,561 ಅರ್ಜಿಯಲ್ಲಿ ಹೆಂಗಸರದು 1,537, ನೂರಕ್ಕೆ 28 ಕೂಡ ಇಲ್ಲ. ಆಯ್ಕೆಯಲ್ಲಿ ಗಂಡು ಹೆಣ್ಣಿನ ಸಮತೋಲನ ನೋಡುತ್ತಾರೆ. ಸೋಮವಾರದ ಉಪವಾಸ ಮಾಡುವವರು ಹೆಂಗಸರು, ಶಿವರಾತ್ರಿ ಜಾಗರಣೆ ಕೂರುವವರು ಅವರು. ಅರ್ಜಿ ಮಾತ್ರ ಅವರ ಹೆಸರಿನಲ್ಲಿ ಇಲ್ಲ. ಅಮ್ಮನ ಪಾಸ್‌ಪೋರ್ಟ್ ಮಾಡಿಸುವ ಕೆಲಸ ಮಕ್ಕಳು ಇಂದೇ ಮಾಡಬಹುದು: ಹಾಸನದ ಅಂಚೆ ಕಚೇರಿಯಲ್ಲೇ ಸೇವಾ ಕೇಂದ್ರವಿದೆ, 36 ಪುಟದ ಪುಸ್ತಕಕ್ಕೆ ₹1,500, 60 ದಾಟಿದವರ ಹೊಸ ಅರ್ಜಿಗೆ ನೂರಕ್ಕೆ 10 ಕಡಿಮೆ.

ಎಪ್ಪತ್ತು ದಾಟಿದವರಿಗೆ

ನೇಪಾಳದ ಮೂಲಕ ಖಾಸಗಿಯವರು ಕರೆದೊಯ್ಯುವ ದಾರಿಯುಂಟು. ಅಲ್ಲಿ ಸರ್ಕಾರಿ ಯಾತ್ರೆಯ ತಪಾಸಣೆ ಇಲ್ಲ. ಎತ್ತರ ಮಾತ್ರ ಅಷ್ಟೇ ಇದೆ. ಅಂಥ ಎತ್ತರದ ನೆಲವನ್ನು ನಮ್ಮ ದೇಶದೊಳಗೇ ನೋಡಬೇಕೆಂದರೆ ಲಡಾಖ್ ಇದೆ, ಪಾಸ್‌ಪೋರ್ಟ್ ಬೇಡ, ಕಂಪ್ಯೂಟರ್ ಆಯ್ಕೆಗೆ ಕಾಯುವುದು ಬೇಡ. ವಿಮಾನದಲ್ಲಿ ಲೇಹ್‌ಗೆ ಇಳಿದವರು ಮೊದಲ ಎರಡು ದಿನ ಸುಮ್ಮನೆ ಮಲಗಿರಬೇಕು, ಅಷ್ಟೇ ವ್ರತ.

ಎಲ್ಲಿಗೂ ಹೋಗಲಾರದವರಿಗೆ ರುದ್ರಪಟ್ಟಣದಿಂದ ಬಸ್ಸಿನಲ್ಲಿ ಒಂದೆರಡು ಗಂಟೆಯ ಬೈಲಕುಪ್ಪೆ ಇದೆ. 1961ರಲ್ಲಿ ಸುಮಾರು 3,000 ಎಕರೆ ಕಾಡು ಕಡಿದು ನೆಲೆನಿಂತ ಟಿಬೆಟಿಯನ್ನರ ಊರು. ಟಿಬೆಟ್ ಪ್ರಸ್ಥಭೂಮಿಯಲ್ಲಿ ಹುಟ್ಟಿ, ಇಲ್ಲಿ ಜೋಳ ಬೆಳೆದು ಮುಪ್ಪಾದವರು ಅಲ್ಲಿದ್ದಾರೆ. ನಮಗೆ ನೋಡುವ ಆಸೆ. ಅವರಿಗೆ ಮರಳುವ ಆಸೆ. ಅವರ ಪಕ್ಕ ಒಂದು ಹೊತ್ತು ಕೂತು ಬಂದವರಿಗೆ ಕೈಲಾಸದ ದಾರಿಯ ಬೆಲೆ ಬೇರೆ ರೀತಿ ತಿಳಿಯುತ್ತದೆ.

2025ರಲ್ಲಿ ಅರ್ಜಿಗೆ ಮೇ 13 ಕೊನೆಯ ದಿನವಾಗಿತ್ತು. ನಿಮ್ಮ ಮನೆಯಲ್ಲಿ 60 ತುಂಬಿದವರಿದ್ದರೆ ಯುಗಾದಿ ಹಬ್ಬದ ಪಂಚಾಂಗ ತೆರೆದಾಗ ಒಂದು ಮಾತು ನೆನಪಿಡಿ: ಎಪ್ಪತ್ತಕ್ಕೆ ಎಷ್ಟು ವರ್ಷ ಉಳಿದಿದೆಯೋ ಅದಕ್ಕೆ ಒಂದು ಕೂಡಿಸಿದರೆ ಬರುವುದೇ ಅವರ ಕೈಯಲ್ಲಿರುವ ಅರ್ಜಿಗಳ ಸಂಖ್ಯೆ. ಈ ವರ್ಷದ್ದನ್ನು ಹಾಕಿಬಿಡಿ.